ಅಮ್ಮ ಒಬ್ಬರೇ ಇರುವ ಮನೆಗೆ ಸ್ಮಾರ್ಟ್ ಡಿಸ್‌ಪ್ಲೇಯೋ, ಬರೀ ಸ್ಪೀಕರೋ?

ಪ್ರಶ್ನೆ: ನನ್ನ ಅಮ್ಮನಿಗೆ 73 ವರ್ಷ. ಉಡುಪಿ ಜಿಲ್ಲೆಯ ಶಂಕರಪುರದ ಹತ್ತಿರ ನಮ್ಮ ಹಳೆಯ ಹಂಚಿನ ಮನೆಯಲ್ಲಿ ಒಬ್ಬರೇ ಇದ್ದಾರೆ. ಬೆಳಿಗ್ಗೆ ಮಲ್ಲಿಗೆ ಕೊಯ್ದು ತಂದು ಚಾವಡಿಯಲ್ಲಿ ಕುಳಿತು ಕಟ್ಟುತ್ತಾರೆ. ಆ ಹೊತ್ತಿಗೆ ನಾನು ಬೆಂಗಳೂರಿನಿಂದ ಫೋನ್ ಮಾಡಿದರೆ ಎತ್ತುವುದಿಲ್ಲ, ಎರಡೂ ಕೈಯಲ್ಲಿ ಹೂವು, ಬಾಳೆನಾರು. ಉಳಿದ ಹೊತ್ತಿನಲ್ಲಿಯೂ ಸ್ಮಾರ್ಟ್‌ಫೋನಿನ ಪರದೆ ಸರಿಸಿ ಕರೆ ಎತ್ತುವುದು ಅವರಿಗೆ ಕಷ್ಟ. ಎಷ್ಟು ಉಜ್ಜಿದರೂ ಸರಿಯುವುದಿಲ್ಲ ಎನ್ನುತ್ತಾರೆ. ತಮ್ಮ ಶಾರ್ಜಾದಲ್ಲಿದ್ದಾನೆ. ಚೌತಿಗೆ ಊರಿಗೆ ಹೋಗುವಾಗ ಧ್ವನಿಯಿಂದ ನಡೆಯುವ ಸ್ಪೀಕರ್ ಅಥವಾ ಪರದೆ ಇರುವ ಡಿಸ್‌ಪ್ಲೇ ಒಂದನ್ನು ಕೊಂಡೊಯ್ಯಬೇಕೆಂದಿದ್ದೇನೆ. ಅಮ್ಮನಿಗೆ ತುಳು, ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ನನ್ನ ಫೋನು ಕನ್ನಡದಲ್ಲಿ ಕೇಳಿದ್ದಕ್ಕೆ ಉತ್ತರ ಕೊಡುತ್ತದೆ, ಹಾಗಾದರೆ ಇವೂ ಕೊಡುತ್ತವೆಯಲ್ಲವೆ? ಇಡೀ ದಿನ ಮನೆಯ ಮಾತನ್ನೆಲ್ಲ ಅದು ಎಲ್ಲಿಗೋ ಕಳಿಸುತ್ತಿರುತ್ತದೆ ಎಂದು ಪಕ್ಕದ ಮನೆಯವರು ಅಮ್ಮನನ್ನು ಹೆದರಿಸಿದ್ದಾರೆ. ಅಮ್ಮ ಜಾರಿ ಬಿದ್ದರೆ ಅದು ನಮಗೆ ತಿಳಿಸುತ್ತದೆಯೇ? ಮಳೆಗಾಲದಲ್ಲಿ ಕರೆಂಟ್ ಹೋದರೆ ಏನು ಮಾಡುವುದು?

ಉತ್ತರ: ನೀವು ಕೇಳಿರುವುದು ಎರಡರಲ್ಲಿ ಯಾವುದು ಒಳ್ಳೆಯದು ಎಂದು. ಆದರೆ ನಿಮ್ಮ ಪತ್ರವನ್ನು ಓದಿದಾಗ ಅದರಲ್ಲಿ ಎರಡು ಬೇರೆ ಬೇರೆ ಚಿಂತೆಗಳು ಸೇರಿಕೊಂಡಿರುವುದು ಕಾಣುತ್ತದೆ. ಅಮ್ಮ ಕೈಯ ಕೆಲಸ ಬಿಡದೆಯೇ ಅವರ ಮುಖ ನೋಡಿ ನಾಲ್ಕು ಮಾತಾಡಬೇಕು ಎಂಬುದು ಒಂದು. ಅವರಿಗೆ ಏನಾದರೂ ಆದರೆ ತಕ್ಷಣ ಗೊತ್ತಾಗಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಕ್ಯಾಮೆರಾ ಇರುವ ಸ್ಮಾರ್ಟ್ ಡಿಸ್‌ಪ್ಲೇ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಎರಡನೆಯದಕ್ಕೆ ಡಿಸ್‌ಪ್ಲೇಯನ್ನಾಗಲಿ ಸ್ಪೀಕರನ್ನಾಗಲಿ ನಂಬಬಾರದು. ನಿಮ್ಮ ಮನೆಯ ಮಟ್ಟಿಗೆ ನನ್ನ ಸಲಹೆ ಇಷ್ಟು: ನಿಮ್ಮ ತಾಯಿಯವರು ಮನಸಾರೆ ಒಪ್ಪಿದರೆ ಎಂಟು ಇಂಚಿನ, ಕ್ಯಾಮೆರಾಕ್ಕೆ ಮುಚ್ಚಳವಿರುವ ಡಿಸ್‌ಪ್ಲೇ ಒಂದನ್ನು ಚಾವಡಿಯಲ್ಲಿ ಇಡಿ, ಅವರು ಒಪ್ಪದಿದ್ದರೆ ಏನನ್ನೂ ಇಡಬೇಡಿ, ಬರೀ ಸ್ಪೀಕರ್ ಅಂತೂ ಈ ಮನೆಗೆ ಬೇಡ. ಮಂಗಳೂರು ಮತ್ತು ಉಡುಪಿಯ ನಡುವಿನ ಮನೆಗಳಲ್ಲಿ ವೈಫೈ ಮತ್ತು ಇಂತಹ ಉಪಕರಣಗಳನ್ನು ಜೋಡಿಸಿಕೊಡುವುದೇ ನನ್ನ ಉದ್ಯೋಗವಾದ್ದರಿಂದ, ಈ ತೀರ್ಮಾನಕ್ಕೆ ಬಂದ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಭಾಷೆಯ ವಿಷಯವನ್ನು ಮೊದಲು ತೆಗೆದುಕೊಳ್ಳೋಣ, ಏಕೆಂದರೆ ಹೆಚ್ಚಿನವರು ಮೋಸ ಹೋಗುವುದು ಇಲ್ಲಿಯೇ. ಗೂಗಲ್ ಅಸಿಸ್ಟೆಂಟ್ ಫೋನಿನಲ್ಲಿ 2018ರಿಂದಲೇ ಕನ್ನಡ ಕೇಳಿಸಿಕೊಳ್ಳುತ್ತಿದೆ. ಅದೇ ಸಂಸ್ಥೆಯ ಜೆಮಿನಿ ಲೈವ್ 2024ರಲ್ಲಿ ಕನ್ನಡಕ್ಕೂ ಬಂದಿತು. ಫೋನಿನಲ್ಲಿ ಇದನ್ನು ಕಂಡವರು ಅದೇ ಹೆಸರಿನ ಸ್ಪೀಕರ್ ಮತ್ತು ಡಿಸ್‌ಪ್ಲೇಯಲ್ಲಿಯೂ ಕನ್ನಡ ಇರುತ್ತದೆ ಎಂದು ತಿಳಿಯುವುದು ಸಹಜ. ಆದರೆ ಫೋನಿನ ಭಾಷಾಪಟ್ಟಿ ಬೇರೆ, ಮನೆಯಲ್ಲಿ ಇಡುವ ಉಪಕರಣದ ಭಾಷಾಪಟ್ಟಿ ಬೇರೆ. 2017ರಲ್ಲಿ ಭಾರತಕ್ಕೆ ಬಂದ, ಅಮೆಜಾನ್ ಸಂಸ್ಥೆಯ ಮಾತಿನ ಸಹಾಯಕ ಅಲೆಕ್ಸಾ ಮೊದಲು ಇಂಗ್ಲಿಷಿನಲ್ಲಿ ಮಾತ್ರ ಮಾತಾಡುತ್ತಿತ್ತು, 2019ರಲ್ಲಿ ಹಿಂದಿಯನ್ನು ಸೇರಿಸಿಕೊಂಡಿತು. ಗೂಗಲ್‌ನ ನೆಸ್ಟ್ ಸ್ಪೀಕರುಗಳೂ ನಮ್ಮ ದೇಶದಲ್ಲಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ನಡೆಯುವಂಥವು. ತುಳುವಿನ ಮಾತೇ ಬೇರೆ. ಗೂಗಲ್‌ನ ಅನುವಾದ ಸೇವೆಗೆ 2024ರಲ್ಲಿ ತುಳು ಸೇರಿದಾಗ ನಮ್ಮೂರಿನಲ್ಲಿ ಎಲ್ಲರಿಗೂ ಸಂತೋಷವಾಯಿತು, ನನಗೂ ಆಯಿತು. ಆದರೆ ಅದು ಬರಹದ ಅನುವಾದ. ಅಡುಗೆಮನೆಯಿಂದ ತುಳುವಿನಲ್ಲಿ ಕೂಗಿ ಹೇಳಿದರೆ ಗಂಟೆ ಹೊಡೆಯುವ ಉಪಕರಣ ಅದರಿಂದ ಹುಟ್ಟಲಿಲ್ಲ.

ಇದರ ಪರಿಣಾಮವನ್ನು ಯೋಚಿಸಿ. ಬರೀ ಸ್ಪೀಕರಿನಲ್ಲಿ ಕೆಲಸ ನಡೆಯುವ ದಾರಿ ಒಂದೇ, ಮಾತು. ಆ ಮಾತು ನಿಮ್ಮ ತಾಯಿಯವರ ಭಾಷೆಯಲ್ಲದಿದ್ದರೆ ಸ್ಪೀಕರ್ ಅವರ ಪಾಲಿಗೆ ಮುಚ್ಚಿದ ಬಾಗಿಲು. ನಾಲ್ಕಾರು ಇಂಗ್ಲಿಷ್ ವಾಕ್ಯಗಳನ್ನು ಬಾಯಿಪಾಠ ಮಾಡಿಸಿ ಹೋದ ಮಕ್ಕಳನ್ನು ನಾನು ಕಂಡಿದ್ದೇನೆ. ಒಂದು ವಾರದ ಮೇಲೆ ವಾಕ್ಯ ಮರೆಯುತ್ತದೆ, ಸ್ಪೀಕರ್ ಅರ್ಥವಾಗಲಿಲ್ಲ ಎಂದು ಇಂಗ್ಲಿಷಿನಲ್ಲಿಯೇ ಹೇಳುತ್ತದೆ, ತನ್ನದೇ ತಪ್ಪೇನೋ ಎಂದುಕೊಂಡು ಅವರು ಮತ್ತೆ ಅದರ ಹತ್ತಿರ ಹೋಗುವುದಿಲ್ಲ. ಅಲೆಕ್ಸಾದಲ್ಲಿ ರೂಟೀನ್ ಎಂಬ ಸೌಲಭ್ಯವಿದ್ದು, ನಾವೇ ಒಂದು ಆಜ್ಞೆಯ ಪದವನ್ನು ಬರೆದು ಕೊಡಬಹುದು. ಸಣ್ಣ ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ನಾನು ಪ್ರಯತ್ನಿಸಿದ್ದೇನೆ. ಒಮ್ಮೆ ಹಿಡಿಯುತ್ತದೆ, ಇನ್ನೊಮ್ಮೆ ಹಿಡಿಯುವುದಿಲ್ಲ. ವಯಸ್ಸಾದವರ ಮನೆಯಲ್ಲಿ ಒಮ್ಮೆ ಹಿಡಿದು ಇನ್ನೊಮ್ಮೆ ಕೈಕೊಡುವ ವಸ್ತು ಇಲ್ಲದಿದ್ದರೇ ವಾಸಿ. ಗುಳಿಗೆಯ ಹೊತ್ತಿಗೆ ನೆನಪಿಸುವ ಸಂದೇಶವನ್ನು ನೀವು ಬೆಂಗಳೂರಿನಿಂದಲೇ ಹಾಕಿಡಬಹುದು, ಆದರೆ ಅದು ಕೇಳಿಸುವುದು ಇಂಗ್ಲಿಷ್ ನಾಲಗೆಯ ಕನ್ನಡದಲ್ಲಿ. ಪರದೆ ಇದ್ದರೆ ಆ ಹೊತ್ತಿಗೆ ಗಂಟೆ ಬಾರಿಸಿದ್ದೂ ಕೇಳುತ್ತದೆ, ಬೆಳಕು ಬಂದದ್ದೂ ಕಾಣುತ್ತದೆ, ಅಷ್ಟರಮಟ್ಟಿಗೆ ಅದು ಮೇಲು.

ಹಾಗಾದರೆ ಡಿಸ್‌ಪ್ಲೇಯ ನಿಜವಾದ ಪ್ರಯೋಜನ ಎಲ್ಲಿದೆ? ನಿಮ್ಮ ತಾಯಿಯವರು ಏನನ್ನೂ ಹೇಳದೆ, ಏನನ್ನೂ ಮುಟ್ಟದೆ ನಡೆಯುವ ಕೆಲಸದಲ್ಲಿದೆ. ಪರದೆ ಸರಿಯುವುದಿಲ್ಲ ಎಂಬ ಅವರ ಮಾತು ಸತ್ಯ; ವಯಸ್ಸಾದಂತೆ ಬೆರಳ ತುದಿಯ ಚರ್ಮ ಒಣಗಿ ಗಟ್ಟಿಯಾಗುವುದರಿಂದ, ಬೆರಳಿನ ಸಣ್ಣ ವಿದ್ಯುತ್ ಗುಣವನ್ನು ಗ್ರಹಿಸಿ ಕೆಲಸ ಮಾಡುವ ಪರದೆಗೆ ಆ ಸ್ಪರ್ಶ ಸರಿಯಾಗಿ ತಿಳಿಯುವುದಿಲ್ಲ. ಮೇಲಿನಿಂದ ನಾರು ಕಟ್ಟಿದ ಒದ್ದೆ ಕೈ. ಅಲೆಕ್ಸಾ ಇರುವ, ಅಮೆಜಾನಿನ ಎಕೋ ಶೋ ಸಾಲಿನ ಡಿಸ್‌ಪ್ಲೇಗಳಲ್ಲಿ ಡ್ರಾಪ್ ಇನ್ ಎಂಬ ವ್ಯವಸ್ಥೆಯಿದೆ. ಮೊದಲೇ ಅನುಮತಿ ಕೊಟ್ಟವರು ಕರೆ ಮಾಡಿದರೆ ಒಂದು ಸಣ್ಣ ಸದ್ದಾಗಿ, ಕೆಲವು ಕ್ಷಣ ಮಂಜು ಹಿಡಿದ ಗಾಜಿನ ಹಿಂದಿನಂತೆ ಚಿತ್ರ ಕಂಡು, ಆಮೇಲೆ ಕರೆ ತಾನಾಗಿ ತೆರೆದುಕೊಳ್ಳುತ್ತದೆ. ಅಮ್ಮ ಮಲ್ಲಿಗೆಯ ಚೆಂಡು ಕಟ್ಟುತ್ತಲೇ ನಿಮ್ಮೊಡನೆ ಮಾತಾಡಬಹುದು. ನಿಮ್ಮ ಪತ್ರದಲ್ಲಿ ಬರೆದಿರುವ ಬೆಳಗಿನ ಚಿತ್ರಕ್ಕೆ ಇಷ್ಟು ಸರಿಯಾಗಿ ಹೊಂದುವ ಸೌಲಭ್ಯ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಅಪಾಯ ಇರುವುದೂ ಅಲ್ಲಿಯೇ. ಮಲ್ಪೆಯ ಹತ್ತಿರದ ಒಂದು ಮನೆಯಲ್ಲಿ ಎಂಬತ್ತರ ಸಮೀಪದ ಒಬ್ಬ ಅಮ್ಮನಿಗೆ ಅವರ ಮಗ ಇಂಥದೇ ಡಿಸ್‌ಪ್ಲೇ ಇಟ್ಟು ಹೋಗಿದ್ದರು. ಅದು ತಾನಾಗಿ ತೆರೆದುಕೊಳ್ಳುತ್ತದೆ ಎಂಬುದನ್ನು ಅವರಿಗೆ ಬಿಡಿಸಿ ಹೇಳಿರಲಿಲ್ಲ. ಒಂದು ಮಧ್ಯಾಹ್ನ ಸೆಕೆಗೆ ಸೆರಗು ಸಡಿಲಿಸಿ ಚಾಪೆಯ ಮೇಲೆ ಅಡ್ಡಾಗಿದ್ದ ಹೊತ್ತಿಗೆ ಪರದೆಯಲ್ಲಿ ಮಗನ ಮುಖ ಮೂಡಿ ಮಾತು ಕೇಳಿಸಿತು. ಆ ದಿನದಿಂದ ಅವರು ಡಿಸ್‌ಪ್ಲೇಯ ಮೇಲೆ ಬೈರಾಸು, ಅಂದರೆ ಮೈ ಒರೆಸುವ ಬಟ್ಟೆ, ಹೊದೆಸತೊಡಗಿದರು. ಆಮೇಲೆ ಪ್ಲಗ್ಗನ್ನೇ ಕಿತ್ತರು. ಉಪಕರಣ ಕೆಟ್ಟಿದೆ, ನೋಡಿ ಬನ್ನಿ ಎಂದು ಮಗ ನನಗೆ ಫೋನ್ ಮಾಡಿದಾಗ ನಾನು ಹೋಗಿ ನೋಡಿದರೆ, ವಯರನ್ನು ನೀಟಾಗಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಬೈರಾಸಿನ ಅಡಿಯಲ್ಲಿ ಇಟ್ಟಿದ್ದರು. ಆಕೆ ಸಿಟ್ಟಿನಿಂದ ಏನೂ ಹೇಳಲಿಲ್ಲ, ಮಗನನ್ನು ದೂರಲೂ ಇಲ್ಲ. ನನಗೆ ಆ ಸುತ್ತಿಟ್ಟ ವಯರೇ ಎಲ್ಲವನ್ನೂ ಹೇಳಿತು. ಡಿಸ್‌ಪ್ಲೇಯ ಮೇಲಂಚಿನಲ್ಲಿ ಕ್ಯಾಮೆರಾವನ್ನು ಮುಚ್ಚುವ ಜಾರುಗುಂಡಿಯಿದೆ, ಅದನ್ನು ತೋರಿಸಿದೆ. ಉಗುರಿನಿಂದ ಸರಿಸಿ ಮುಚ್ಚಿದರು, ತೆರೆದರು, ಮತ್ತೆ ಮುಚ್ಚಿದರು. ಹತ್ತು ಸಲ ಹೀಗೆ ಮಾಡಿದ ಮೇಲೆ, ಮುಚ್ಚಿದಾಗ ನಿಜವಾಗಿಯೂ ಮುಚ್ಚಿರುತ್ತದೆ ಎಂಬುದು ಅವರಿಗೆ ನಂಬಿಕೆಯಾಯಿತು. ಬಳಿಕ ಮಗನೊಡನೆ ಒಂದು ಒಪ್ಪಂದ ಮಾಡಿಸಿದೆ: ಮೊದಲು ಅಮ್ಮನ ಮೊಬೈಲಿಗೆ ಕರೆ ಮಾಡಿ ಮೂರು ಸಲ ರಿಂಗ್ ಆಗಲು ಬಿಡುವುದು, ಎರಡು ನಿಮಿಷ ಬಿಟ್ಟು ಡಿಸ್‌ಪ್ಲೇ ತೆರೆಯುವುದು, ರಾತ್ರಿ ಎಂಟರ ಮೇಲೆ ತೆರೆಯುವುದೇ ಇಲ್ಲ. ಬೈರಾಸು ಹಗ್ಗಕ್ಕೆ ಮರಳಿತು.

ಆದ್ದರಿಂದ ನಾನು ಒಪ್ಪಿಗೆಯನ್ನು ಮೊದಲ ಷರತ್ತಾಗಿ ಇಟ್ಟದ್ದು. ನಿಮ್ಮ ಪ್ರೀತಿಯಲ್ಲಿ ಯಾವ ಕೊರತೆಯೂ ಇಲ್ಲ, ಆದರೆ ಆ ಮನೆ ಅವರದು. ಡ್ರಾಪ್ ಇನ್ ಅನುಮತಿಯನ್ನು ನಿಮಗೆ ಮತ್ತು ನಿಮ್ಮ ತಮ್ಮನಿಗೆ ಮಾತ್ರ ಕೊಡಿ, ನಿಮ್ಮಿಬ್ಬರ ಫೋನಿಗೂ ಲಾಕ್ ಇರಲಿ. ಆ ಫೋನು ಯಾರ ಕೈಗೆ ಸಿಕ್ಕಿದರೂ ಶಂಕರಪುರದ ಚಾವಡಿ ಅವರ ಕಣ್ಣಮುಂದೆ ಬರುತ್ತದೆ ಎಂಬುದನ್ನು ಮರೆಯಬೇಡಿ. ಕೆಲವು ಮಾದರಿಗಳಲ್ಲಿ ಕರೆಯೇ ಇಲ್ಲದೆ ಕ್ಯಾಮೆರಾದ ಮೂಲಕ ಮನೆಯನ್ನು ನೋಡುವ ಸೌಲಭ್ಯವೂ ಇದೆ. ಅದನ್ನು ಬಂದ್ ಮಾಡಿಡಿ.

ಪಕ್ಕದ ಮನೆಯವರು ಹೇಳಿದ್ದರಲ್ಲಿ ಅರ್ಧ ನಿಜವಿದೆ, ಅರ್ಧ ಇಲ್ಲ. ಉಪಕರಣದ ಮೈಕ್ ಸದಾ ಎಚ್ಚರವಾಗಿರುವುದು ನಿಜ. ಆದರೆ ಅದು ಕೇಳಿದ ಸದ್ದಿನ ಕೆಲವೇ ಕ್ಷಣಗಳನ್ನು ತನ್ನೊಳಗೆ ಇಟ್ಟುಕೊಂಡು, ತನ್ನನ್ನು ಕರೆಯುವ ಪದ ಅದರಲ್ಲಿದೆಯೇ ಎಂದು ಮಾತ್ರ ಹುಡುಕುತ್ತದೆ. ಇಲ್ಲದಿದ್ದರೆ ಆ ಸದ್ದಿನ ಮೇಲೆಯೇ ಹೊಸ ಸದ್ದು ಬಂದು ಹಳೆಯದು ಅಳಿಯುತ್ತದೆ. ಕರೆಯುವ ಪದ ಸಿಕ್ಕಿತು ಎಂದು ಅದಕ್ಕೆ ಅನ್ನಿಸಿದ ಮೇಲೆಯೇ ಅಲ್ಲಿಂದ ಮುಂದಿನ ಮಾತು ಅಂತರ್ಜಾಲದ ಮೂಲಕ ಸಂಸ್ಥೆಯ ಸರ್ವರಿಗೆ ಹೋಗುತ್ತದೆ. ತೊಂದರೆ ಇರುವುದು ‘ಅನ್ನಿಸಿದ ಮೇಲೆ’ ಎಂಬಲ್ಲಿ. ಟಿವಿಯ ಜಾಹೀರಾತಿನಲ್ಲಿ ಆ ಪದ ಬಂದರೂ, ಹತ್ತಿರದ ಉಚ್ಚಾರಣೆಯ ಹೆಸರು ಕೇಳಿದರೂ ಅದಕ್ಕೆ ಹಾಗೆ ಅನ್ನಿಸಬಹುದು. ಮಂಗಳೂರಿನ ಬಿಜೈಯ ಒಂದು ಮನೆಯಲ್ಲಿ ಹುಡುಗನ ಹೆಸರೇ ಅಲೆಕ್ಸ್. ತಾಯಿ ಅವನನ್ನು ಊಟಕ್ಕೆ ಕರೆದಾಗಲೆಲ್ಲ ಸ್ಪೀಕರಿನ ನೀಲಿ ದೀಪ ಹೊತ್ತಿಕೊಳ್ಳುತ್ತಿತ್ತು. ಕರೆಯುವ ಪದವನ್ನು ‘ಎಕೋ’ ಎಂದು ಬದಲಾಯಿಸಿದ ಮೇಲೆ ಸಮಸ್ಯೆ ತೀರಿತು.

ಸರ್ವರಿಗೆ ಹೋದ ಮಾತು ಅಲ್ಲಿ ಏನಾಗುತ್ತದೆ ಎಂಬ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಅಮೆಜಾನ್, ಗೂಗಲ್, ಆ್ಯಪಲ್ ಮೂರೂ ಸಂಸ್ಥೆಗಳ ಪರವಾಗಿ ಧ್ವನಿಮುದ್ರಿಕೆಗಳ ಒಂದು ಅಂಶವನ್ನು ಮನುಷ್ಯರು ಕುಳಿತು ಕೇಳುತ್ತಿದ್ದರು ಎಂಬುದು 2019ರಲ್ಲಿ ಬಯಲಾಯಿತು. ಮಕ್ಕಳ ಧ್ವನಿಮುದ್ರಿಕೆಗಳನ್ನು ಅಳಿಸದೆ ಉಳಿಸಿಕೊಂಡ ದೂರಿನಲ್ಲಿ ಅಮೆಜಾನ್ 2023ರಲ್ಲಿ ಅಮೆರಿಕದಲ್ಲಿ 2.5 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ಹೀಗಾಗಿ ಜೋಡಿಸುವ ದಿನವೇ ಮೂರು ಕೆಲಸ ಮಾಡಿ: ಆ್ಯಪ್‌ನ ಗೋಪ್ಯತೆಯ ಭಾಗದಲ್ಲಿ ಧ್ವನಿಮುದ್ರಿಕೆಗಳನ್ನು ಉಳಿಸಬಾರದು ಎಂಬ ಆಯ್ಕೆಯನ್ನು ಹಾಕಿ, ಮಾತಿನಿಂದಲೇ ವಸ್ತು ಕೊಳ್ಳುವ ಸೌಲಭ್ಯವನ್ನು ಬಂದ್ ಮಾಡಿ, ಮೈಕ್ ಆಫ್ ಮಾಡುವ ಗುಂಡಿ ಎಲ್ಲಿದೆ, ಒತ್ತಿದರೆ ಕೆಂಪು ಬೆಳಕು ಬರುತ್ತದೆ ಎಂಬುದನ್ನು ಅಮ್ಮನಿಗೂ, ಸಾಧ್ಯವಾದರೆ ಆ ಪಕ್ಕದ ಮನೆಯವರಿಗೂ ತೋರಿಸಿ. ನಿಮ್ಮ ತಾಯಿಯವರು ಮಾತಿನ ಆಜ್ಞೆಯನ್ನು ಬಳಸುವ ಸಂಭವ ಕಡಿಮೆ. ಆದರೆ ಮೈಕ್ ಆಫ್ ಇದ್ದರೆ ಕರೆಯಲ್ಲಿ ಅವರ ದನಿಯೂ ನಿಮಗೆ ಕೇಳದು ಎಂಬುದು ಇಬ್ಬರಿಗೂ ಗೊತ್ತಿರಲಿ.

ಕ್ಯಾಮೆರಾ ಬೇಡವೇ ಬೇಡ ಎಂದು ಅಮ್ಮ ಹೇಳಿದರೆ, ಗೂಗಲ್ ನೆಸ್ಟ್ ಹಬ್ ಎಂಬ ಏಳು ಇಂಚಿನ ಡಿಸ್‌ಪ್ಲೇಯಲ್ಲಿ ಕ್ಯಾಮೆರಾ ಇಲ್ಲ. ಮೊಮ್ಮಕ್ಕಳ ಫೋಟೋಗಳನ್ನು ಅದು ಚೆನ್ನಾಗಿ ತೋರಿಸುತ್ತದೆ, ಯೂಟ್ಯೂಬ್ ಅದರಲ್ಲಿಯೇ ಇರುವುದರಿಂದ ಯಕ್ಷಗಾನ ನೋಡುವವರಿಗೆ ಅನುಕೂಲ. ಆದರೆ ಅಮ್ಮನ ಮುಖ ನಿಮಗೆ ಕಾಣುವುದಿಲ್ಲ, ನಿಮ್ಮ ಮೊದಲ ಉದ್ದೇಶ ಅಲ್ಲಿಗೆ ತಪ್ಪುತ್ತದೆ. ಎಕೋ ಶೋದಲ್ಲಿ ಯೂಟ್ಯೂಬ್ ನೋಡಲು ಬ್ರೌಸರ್ ತೆರೆಯಬೇಕು, ಅದು ಅವರಿಗೆ ಸುಲಭವಲ್ಲ. ಹಾಗೆಯೇ ಎಕೋ ಶೋದ ಪರದೆ ಸುಮ್ಮನಿರುವಾಗ ತಿಂಡಿಯ ವಿಧಾನ, ಕೊಳ್ಳುವ ವಸ್ತು, ಸುದ್ದಿ ಎಂದು ಏನೇನೋ ಇಂಗ್ಲಿಷಿನಲ್ಲಿ ಬದಲಾಗುತ್ತಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅವುಗಳಲ್ಲಿ ಹೆಚ್ಚಿನವನ್ನು ನಿಲ್ಲಿಸಿ ಗಡಿಯಾರ ಅಥವಾ ಮನೆಯವರ ಫೋಟೋ ಮಾತ್ರ ಬರುವಂತೆ ಮಾಡಿ. ಅಗ್ಗಕ್ಕೆ ಸಿಗುತ್ತದೆಂದು ಬೇರೆ ಸಂಸ್ಥೆಗಳು ತಯಾರಿಸಿದ ಹಳೆಯ ಗೂಗಲ್ ಡಿಸ್‌ಪ್ಲೇಗಳನ್ನು ಕೈಬದಲಾಗಿ ಕೊಳ್ಳಬೇಡಿ, ಲೆನೊವೊ, ಜೆಬಿಎಲ್, ಎಲ್‌ಜಿ ಹೆಸರಿನ ಅಂಥ ಡಿಸ್‌ಪ್ಲೇಗಳಿಗೆ ಗೂಗಲ್ ಸಾಫ್ಟ್‌ವೇರ್ ಪರಿಷ್ಕರಣೆ ಕೊಡುವುದನ್ನು 2023ರಲ್ಲಿಯೇ ನಿಲ್ಲಿಸಿದೆ. ಮಲ್ಲಿಗೆಯ ದಿನದ ದರವನ್ನು ಡಿಸ್‌ಪ್ಲೇ ಹೇಳೀತು ಎಂಬ ಆಸೆಯನ್ನೂ ಅಮ್ಮನಿಗೆ ಹುಟ್ಟಿಸಬೇಡಿ.

ಇನ್ನು ಬೀಳುವ ವಿಷಯ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ. ಈ ಡಿಸ್‌ಪ್ಲೇಗಳು ಮನುಷ್ಯ ಬಿದ್ದದ್ದನ್ನು ಗುರುತಿಸಿ ತಾವಾಗಿ ನಿಮಗೆ ತಿಳಿಸುವುದಿಲ್ಲ. ಕೂಗಿ ಕರೆದರೆ ಕರೆ ಹೋಗಬಹುದು, ಆದರೆ ಅದಕ್ಕೆ ಕರೆಂಟ್ ಇರಬೇಕು, ನೆಟ್ ಇರಬೇಕು, ದನಿ ಕೇಳುವಷ್ಟು ಹತ್ತಿರವಿರಬೇಕು, ಮತ್ತು ಅದಕ್ಕೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು. ನಮ್ಮ ಮನೆಗಳಲ್ಲಿ ಜಾರುವುದು ಬಚ್ಚಲಿನಲ್ಲಿ, ಪಾಚಿ ಕಟ್ಟಿದ ಅಂಗಳದಲ್ಲಿ, ಬಾವಿಕಟ್ಟೆಯ ಬಳಿ. ಚಾವಡಿಯ ಡಿಸ್‌ಪ್ಲೇಗೆ ಅಲ್ಲಿಯ ಕೂಗು ಮುಟ್ಟುವುದಿಲ್ಲ. ಇದರಿಂದ ಹೊರಡುವ ಕರೆ ಇನ್ನೊಂದು ಅಂಥದೇ ಉಪಕರಣಕ್ಕೆ ಅಥವಾ ಫೋನಿನಲ್ಲಿರುವ ಅದರ ಆ್ಯಪ್‌ಗೆ ಹೋಗುವಂಥದು. ತುರ್ತು ಸಂಖ್ಯೆಯಾದ 112ಕ್ಕೆ ಅಥವಾ ಆ್ಯಂಬುಲೆನ್ಸಿನ 108ಕ್ಕೆ ಹೋಗುವುದಿಲ್ಲ.

ಈ ಕೆಲಸಕ್ಕೆ ಒಂದು ಸಾಧಾರಣ ಗುಂಡಿ ಫೋನು ಹೆಚ್ಚು ನಂಬಿಕೆಯದು. 2017ರ ಆರಂಭದಿಂದ ಭಾರತದಲ್ಲಿ ಮಾರುವ ಫೋನುಗಳಲ್ಲಿ ತುರ್ತು ಕರೆಯ ಗುಂಡಿ ಇರಬೇಕೆಂಬ ನಿಯಮವಿದೆ. ಗುಂಡಿ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿದರೆ, ಸ್ಮಾರ್ಟ್‌ಫೋನಿನಲ್ಲಿ ಪವರ್ ಗುಂಡಿಯನ್ನು ಬೇಗ ಬೇಗ ಮೂರು ಸಲ ಒತ್ತಿದರೆ ತುರ್ತು ಕರೆ ಹೋಗುವ ವ್ಯವಸ್ಥೆ ಅದು. ಇದಲ್ಲದೆ ಹಿಂಬದಿಯಲ್ಲಿ ದೊಡ್ಡದೊಂದು ಎಸ್‌ಒಎಸ್ ಗುಂಡಿ ಇರುವ, ಹಿರಿಯರಿಗೆಂದೇ ಮಾಡಿದ ಫೋನುಗಳು ಉಡುಪಿಯ ಅಂಗಡಿಗಳಲ್ಲಿ ಸಿಗುತ್ತವೆ. ಆ ಗುಂಡಿಗೆ ಮೊದಲು ಪಕ್ಕದ ಮನೆಯ ಸಂಖ್ಯೆ, ಆಮೇಲೆ ನಿಮ್ಮದು ಹಾಕಿ. ನೀವು ಬೆಂಗಳೂರಿನಿಂದ ಹೊರಟು ಬರುವ ಹೊತ್ತಿಗೆ ಬೇಲಿ ದಾಟಿ ಬರುವವರೇ ಮೊದಲು ತಲುಪುತ್ತಾರೆ. ಫೋನನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳಲು ಅಮ್ಮ ಒಪ್ಪಿದರೆ ತುಂಬ ಒಳ್ಳೆಯದು. ಒಪ್ಪದಿದ್ದರೆ ಸೊಂಟಕ್ಕೆ ಸಿಕ್ಕಿಸುವ ಚೀಲವಾದರೂ ಆದೀತು.

ಡಿಸ್‌ಪ್ಲೇ ಕೊಳ್ಳುವ ಮುಂಚೆ ಮನೆಯ ಗೋಡೆಯನ್ನು ಪರೀಕ್ಷಿಸಬೇಕು. ಹಳೆಯ ಹಂಚಿನ ಮನೆ ಎಂದರೆ ಮುರಕಲ್ಲಿನ ಗೋಡೆ, ಅದೂ ದಪ್ಪದ್ದು. ಆ ಕಲ್ಲಿನ ಮೈತುಂಬ ತೂತುಗಳು. ಮಳೆಗಾಲದಲ್ಲಿ ಗೋಡೆ ನೀರು ಕುಡಿಯುತ್ತದೆ, ನೀರು ವೈಫೈ ತರಂಗವನ್ನು ಹೀರುತ್ತದೆ. ಮಾರ್ಚ್ ತಿಂಗಳಿನಲ್ಲಿ ಅಡುಗೆಮನೆಯವರೆಗೆ ಬರುತ್ತಿದ್ದ ಸಿಗ್ನಲ್ ಜುಲೈಯಲ್ಲಿ ಚಾವಡಿಯ ಬಾಗಿಲು ದಾಟದಿರುವುದನ್ನು ನಾನು ಎಷ್ಟೋ ಮನೆಗಳಲ್ಲಿ ಅಳೆದು ನೋಡಿದ್ದೇನೆ. ರೌಟರ್ ಎರಡು ಅಲೆಗಳಲ್ಲಿ ಸಿಗ್ನಲ್ ಕೊಡುತ್ತದೆ. 5 ಗಿಗಾಹರ್ಟ್ಸ್ ವೇಗದ್ದಾದರೂ ಗೋಡೆಗೆ ಸೋಲುತ್ತದೆ, 2.4 ಗಿಗಾಹರ್ಟ್ಸ್ ನಿಧಾನವಾದರೂ ಗೋಡೆ ದಾಟುತ್ತದೆ. ಡಿಸ್‌ಪ್ಲೇಯೂ ರೌಟರೂ ಒಂದೇ ಕೋಣೆಯಲ್ಲಿದ್ದರೆ ಈ ತಲೆನೋವೇ ಇಲ್ಲ, ಚಾವಡಿಯನ್ನು ನಾನು ಸೂಚಿಸಿದ ಒಂದು ಕಾರಣ ಇದು. ಚೌತಿಗೆ ಹೋದಾಗ ಡಿಸ್‌ಪ್ಲೇ ಇಡುವ ಜಾಗದಲ್ಲಿಯೇ ನಿಮ್ಮ ಫೋನನ್ನು ಇಟ್ಟು, ಮೊಬೈಲ್ ಡೇಟಾ ಬಂದ್ ಮಾಡಿ, ವೈಫೈಯಲ್ಲಿ ತಮ್ಮನೊಡನೆ ಹದಿನೈದು ನಿಮಿಷ ವಿಡಿಯೊ ಕರೆಯಲ್ಲಿ ಮಾತಾಡಿ ನೋಡಿ. ಚಿತ್ರ ನಿಲ್ಲದಿದ್ದರೆ ಡಿಸ್‌ಪ್ಲೇಯೂ ನಡೆಯುತ್ತದೆ.

ಆದರೆ ಆ ತಮ್ಮನ ವಿಷಯದಲ್ಲಿಯೇ ಒಂದು ತೊಡಕಿದೆ. ಯುಎಇಯಲ್ಲಿ ಅಂತರ್ಜಾಲದ ಮೂಲಕ ಮಾಡುವ ಕರೆಗಳಿಗೆ ಸರ್ಕಾರದ ನಿರ್ಬಂಧವಿದೆ. ವಾಟ್ಸ್‌ಆ್ಯಪ್ ಕರೆ ಅಲ್ಲಿ ನಡೆಯದೆ ಬೋಟಿಮ್‌ನಂತಹ ಪರವಾನಗಿ ಪಡೆದ ಆ್ಯಪ್‌ಗಳನ್ನು ನಮ್ಮೂರಿನವರು ಬಳಸುವುದು ನಿಮಗೆ ಗೊತ್ತಿರಬಹುದು. ಡಿಸ್‌ಪ್ಲೇಗಳಲ್ಲಿ ವಾಟ್ಸ್‌ಆ್ಯಪ್ ಕರೆಯೂ ಇಲ್ಲ, ಬೋಟಿಮ್ ಕೂಡ ಇಲ್ಲ. ಆದ್ದರಿಂದ ಶಾರ್ಜಾದಿಂದ ಡಿಸ್‌ಪ್ಲೇಗೆ ಕರೆ ಬರುತ್ತದೆ ಎಂದು ಎಣಿಸಿಕೊಂಡು ಹಣ ಹಾಕಬೇಡಿ. ನಿಮ್ಮ ಪರಿಚಯದವರ ಮನೆಯಲ್ಲಿ ಎಕೋ ಶೋ ಇದ್ದರೆ, ತಮ್ಮನ ಫೋನಿಗೆ ಅಲೆಕ್ಸಾ ಆ್ಯಪ್ ಹಾಕಿಸಿ ಅಲ್ಲಿಗೆ ಒಂದು ಕರೆ ಮಾಡಿಸಿ ನೋಡಿದರೆ ಖರ್ಚಿಲ್ಲದೆ ತಿಳಿಯುತ್ತದೆ.

ಕರೆಂಟಿನ ಪ್ರಶ್ನೆಗೆ ಬರುತ್ತೇನೆ. ಇಂತಹ ಡಿಸ್‌ಪ್ಲೇಗಳ ಒಳಗೆ ಬ್ಯಾಟರಿ ಇರುವುದಿಲ್ಲ. ತೆಂಗಿನ ಮಡಲು ತಂತಿಯ ಮೇಲೆ ಬಿದ್ದು ಕರೆಂಟ್ ಹೋದ ಕ್ಷಣವೇ ಪರದೆ ಕಪ್ಪಾಗುತ್ತದೆ. ರೌಟರ್ ಮತ್ತು ಫೈಬರ್ ಪೆಟ್ಟಿಗೆಯೂ ನಿಲ್ಲುತ್ತವೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಎಲೆಕ್ಟ್ರಿಶಿಯನ್ ಕರೆದು ಚಾವಡಿಯ ಒಂದು ಪ್ಲಗ್ ಪಾಯಿಂಟನ್ನು ಇನ್ವರ್ಟರ್ ಲೈನಿಗೆ ಹಾಕಿಸಿ, ಮೂರನ್ನೂ ಅಲ್ಲಿಗೆ ಜೋಡಿಸಿ. ರೌಟರಿಗೆಂದು ಮಾರುವ ಪುಟ್ಟ ಯುಪಿಎಸ್‌ಗೆ ಡಿಸ್‌ಪ್ಲೇಯ ವಯರನ್ನು ಸಿಕ್ಕಿಸಬೇಡಿ; ವೋಲ್ಟೇಜ್ ಹೊಂದದೆ ಡಿಸ್‌ಪ್ಲೇ ಸುಡುವ ಅಪಾಯವಿದೆ. ಖರ್ಚಿನ ಬಗ್ಗೆ ಹೆದರಬೇಕಾಗಿಲ್ಲ. ಹಗಲಿರುಳು ಸರಾಸರಿ ನಾಲ್ಕು ವ್ಯಾಟ್ ಎಳೆಯುತ್ತದೆ ಎಂದು ಹಿಡಿದರೂ ತಿಂಗಳಿಗೆ ಮೂರು ಯೂನಿಟ್ ಒಳಗೇ ಮುಗಿಯುತ್ತದೆ.

ಸಿಡಿಲಿನದು ಬೇರೆ ಮಾತು. ನಮ್ಮಲ್ಲಿ ಜೋರು ಮಳೆಯ ತಿಂಗಳಿಗಿಂತ ಮಳೆ ಶುರುವಾಗುವ ಮೊದಲಿನ ಏಪ್ರಿಲ್, ಮೇ ಮತ್ತು ಮಳೆ ಮುಗಿಯುವ ಅಕ್ಟೋಬರಿನ ಸಂಜೆಗಳೇ ಹೆಚ್ಚು ಅಪಾಯದವು. ಗುಡುಗು ಶುರುವಾದರೆ ಟಿವಿಯ ಪ್ಲಗ್ ತೆಗೆಯುವ ಅಭ್ಯಾಸ ನಿಮ್ಮ ತಾಯಿಯವರಿಗೆ ಇದ್ದೇ ಇರುತ್ತದೆ. ಆ ಅಭ್ಯಾಸವನ್ನು ಬಿಡಿಸಬೇಡಿ, ಡಿಸ್‌ಪ್ಲೇಯ ಪ್ಲಗ್ಗನ್ನೂ ಅದರೊಂದಿಗೆ ಸೇರಿಸಿ. ವೋಲ್ಟೇಜ್ ದಿಢೀರನೆ ಏರಿದರೆ ತಡೆಯುವ ಸರ್ಜ್ ಪ್ರೊಟೆಕ್ಟರ್ ಹಾಕಿದರೆ ಸಾಕು ಎನ್ನುವವರಿದ್ದಾರೆ, ಆದರೆ ಮನೆಯ ಅರ್ತಿಂಗ್ ಸರಿಯಿಲ್ಲದಿದ್ದರೆ ಅದು ಹೆಸರಿಗೆ ಮಾತ್ರ. ಹಳೆಯ ಮನೆಗಳಲ್ಲಿ ಅರ್ತಿಂಗ್ ತಂತಿ ಮಣ್ಣಿನೊಳಗೆ ತುಕ್ಕು ಹಿಡಿದು ತುಂಡಾಗಿರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಪ್ಲಗ್ ತೆಗೆದ ಮೇಲೆ ಡಿಸ್‌ಪ್ಲೇ ನಿಮಗೆ ಸಿಗುವುದಿಲ್ಲ. ಸಂಜೆ ಐದಕ್ಕೆ ಅಮ್ಮ ಸಿಗದೆ ನೀವು ಬೆಂಗಳೂರಿನಲ್ಲಿ ಕುಳಿತು ಗಾಬರಿಯಾಗಬಾರದೆಂದರೆ, ಗುಡುಗಿನ ದಿನ ಗುಂಡಿ ಫೋನೇ ದಾರಿ ಎಂಬುದು ಇಬ್ಬರಿಗೂ ಮೊದಲೇ ಗೊತ್ತಿರಬೇಕು.

ನೀವು ಕೇಳದ ಮೂರನೆಯ ದಾರಿಯೊಂದನ್ನು ಹೇಳದೆ ಇದ್ದರೆ ತಪ್ಪಾಗುತ್ತದೆ. ಸಿಮ್ ಹಾಕಬಹುದಾದ ಟ್ಯಾಬ್ಲೆಟ್ ಒಂದನ್ನು ಸ್ಟ್ಯಾಂಡಿನ ಮೇಲೆ ಇಟ್ಟರೆ ಕರೆಂಟ್ ಹೋದರೂ ಬ್ಯಾಟರಿಯಲ್ಲಿ ನಡೆಯುತ್ತದೆ, ವೈಫೈ ನಿಂತರೂ ಟವರ್ ಇರುವವರೆಗೆ ಕರೆ ಬರುತ್ತದೆ, ವಾಟ್ಸ್‌ಆ್ಯಪ್ ಮತ್ತು ಬೋಟಿಮ್ ಎರಡೂ ಇರುತ್ತವೆ, ಕನ್ನಡದಲ್ಲಿ ಕೇಳಿದ್ದಕ್ಕೆ ಕನ್ನಡದಲ್ಲಿ ಉತ್ತರವೂ ಸಿಗುತ್ತದೆ. ಮಳೆಗಾಲದ ಮಟ್ಟಿಗೆ ಇದು ಡಿಸ್‌ಪ್ಲೇಗಿಂತ ಗಟ್ಟಿ. ಕೊರತೆ ಒಂದೇ, ಆದರೆ ನಿಮ್ಮ ಮನೆಗೆ ಅದು ದೊಡ್ಡದು: ಕರೆಯನ್ನು ಅಮ್ಮನೇ ಬೆರಳಿನಿಂದ ಎತ್ತಬೇಕು. ಇಡೀ ದಿನ ಚಾರ್ಜಿಗೆ ಹಾಕಿಯೇ ಇಟ್ಟರೆ ಕಾಲಕ್ರಮೇಣ ಬ್ಯಾಟರಿ ಉಬ್ಬುವ ಸಾಧ್ಯತೆಯಿರುವುದರಿಂದ ಚಾರ್ಜ್ ಹಾಕುವುದು, ತೆಗೆಯುವುದು ಅವರ ದಿನಚರಿಗೆ ಇನ್ನೊಂದು ಕೆಲಸವಾಗುತ್ತದೆ. ತಮ್ಮನೊಡನೆ ಮಾತಾಡುವುದೇ ಅಮ್ಮನಿಗೆ ಮುಖ್ಯವಾದರೆ, ಮತ್ತು ಡಿಸ್‌ಪ್ಲೇಗೆ ಶಾರ್ಜಾದಿಂದ ಕರೆ ಬಾರದೆಂದು ಪರೀಕ್ಷೆಯಲ್ಲಿ ತಿಳಿದರೆ, ಈ ದಾರಿಯನ್ನೇ ಹಿಡಿಯಿರಿ. ರಬ್ಬರ್ ತುದಿಯ ಸ್ಟೈಲಸ್ ಕಡ್ಡಿಯೊಂದನ್ನು ದಾರ ಕಟ್ಟಿ ಸ್ಟ್ಯಾಂಡಿಗೆ ತೂಗಹಾಕಿ. ಒಣಗಿದ ಬೆರಳಿಗಿಂತ ಅದರ ಸ್ಪರ್ಶ ಪರದೆಗೆ ಚೆನ್ನಾಗಿ ತಿಳಿಯುತ್ತದೆ.

ಡಿಸ್‌ಪ್ಲೇಯನ್ನೇ ಆರಿಸಿದರೆ, ಇಡುವ ಜಾಗವನ್ನು ಅಮ್ಮನೇ ತೋರಿಸಲಿ. ಅವರು ಹೂ ಕಟ್ಟಲು ಕೂರುವ ಜಾಗದ ಎದುರು, ನೆಲದಲ್ಲಿ ಕುಳಿತಾಗ ಕಣ್ಣಿನ ಮಟ್ಟಕ್ಕೆ ಬರುವಂತೆ ಒಂದು ತಗ್ಗಿನ ಸ್ಟೂಲು ಸಾಕು. ಮಲಗುವ ಕೋಣೆಯ ಬಾಗಿಲು, ಬಚ್ಚಲಿಗೆ ಹೋಗುವ ದಾರಿ ಕ್ಯಾಮೆರಾದ ನೋಟಕ್ಕೆ ಸಿಗದಂತೆ ಅದರ ಮುಖ ತಿರುಗಿಸಿ. ಬೆಳಕು ಬರುವ ಕಿಟಕಿ ಅವರ ಬೆನ್ನಿಗೆ ಇರಬಾರದು, ಇದ್ದರೆ ಮುಖ ಕಪ್ಪಾಗಿ ಕಾಣುತ್ತದೆ. ಅಡುಗೆಮನೆಯಲ್ಲಿ ಇಡಬೇಡಿ, ಒಗ್ಗರಣೆಯ ಎಣ್ಣೆಹೊಗೆ ಸ್ಪೀಕರಿನ ಬಟ್ಟೆಯಲ್ಲಿ ಕೂತು ಧೂಳು ಹಿಡಿಯುತ್ತದೆ. ಜೋಡಿಸಿದ ದಿನವೇ ಬೆಂಗಳೂರಿಗೆ ಹೊರಡಬೇಡಿ. ಮೂರು ದಿನವಾದರೂ ಅಲ್ಲಿದ್ದು, ಒಳಗಿನ ಕೋಣೆಯಿಂದ ನೀವೇ ಕರೆ ಮಾಡಿ, ಆ ಸಣ್ಣ ಸದ್ದು ಬಂದಾಗ ಅಮ್ಮ ತಲೆಯೆತ್ತಿ ನೋಡುತ್ತಾರೋ ಬೆಚ್ಚಿಬೀಳುತ್ತಾರೋ ಎಂಬುದನ್ನು ಗಮನಿಸಿ. ಮೂರನೆಯ ದಿನವೂ ಬೆಚ್ಚಿಬಿದ್ದರೆ ಡ್ರಾಪ್ ಇನ್ ಬಂದ್ ಮಾಡಿ. ಅಂಗಡಿಗೆ ಹಿಂತಿರುಗಿಸುವ ಅವಧಿ ಮುಗಿಯುವ ಮೊದಲೇ ಅದು ಬೇಕೋ ಬೇಡವೋ ಎಂದು ಅವರನ್ನೇ ಕೇಳಿ.